ಹನ್ನೊಂದು ಬ್ಯಾಕ್‌ಹ್ಯಾಂಡ್

ಹಿಡಿಯ ಬುಡದ ರಬ್ಬರು ಗುಂಡಿ ಒತ್ತಿದರೆ
ನೀಲಿ ಮಿಣುಕು. ಎದ್ದಿದೆ ಎಂದರ್ಥ.
"ಎರಡು ದಿನ ಇಟ್ಕೋ, ನನ್ನ ಮೊಣಕೈಗೆ ಹೇಗೂ ರಜ"
ಅಂದಳು ಶಮೀಮ್,
ಕೂಸನ್ನು ಪಕ್ಕದ ಮನೆಯಲ್ಲಿ ಬಿಟ್ಟುಹೋಗುವವಳ ಹಾಗೆ
ನಾಲ್ಕು ಸಲ ತಿರುಗಿ ನೋಡುತ್ತ.

ಆ್ಯಪ್ ಮೊದಲು ನನ್ನನ್ನೇ ಕೇಳಿತು.
ವಯಸ್ಸು? ಐವತ್ತಮೂರು.
ಕೈ? ಬಲ.
ತೂಕ? ಎರಡು ಕಿಲೋ ಕಡಿಮೆ ಬರೆದೆ.
ಗುರಿ? ಸ್ಪರ್ಧೆ, ಆರೋಗ್ಯ, ವಿನೋದ,
ಮೂರರಲ್ಲಿ ಒಂದನ್ನು ಒತ್ತಿ.
ಕುಕ್ಕರು ಕೂಗುವ ಮುಂಚೆ, ಎಪ್ಪತ್ತು ಮಕ್ಕಳ ಮುಂದೆ
ಮಾನಕ ವಿಚಲನೆ ಬರೆಯುವ ಮುಂಚೆ
ಒಂದು ಗಂಟೆ ಯಾರೂ ಅಲ್ಲದೆ ಇರುವುದು:
ಅದಕ್ಕೆ ಗುಂಡಿ ಇರಲಿಲ್ಲ. ವಿನೋದ ಒತ್ತಿದೆ.

ಬನಶಂಕರಿಯ ನೀರಿನ ಟ್ಯಾಂಕಿನ ಹಿಂದೆ ಮಣ್ಣಿನ ಕೋರ್ಟು.
ಸುಣ್ಣದ ಗೆರೆ ಅಳಿಸಿದ ಕಡೆ ಮಾತೇ ಗೆರೆ.
ಕವುಚಿದ ಬಕೆಟ್ಟಿನ ಮೇಲೆ ಮಾರ್ಕರ್ ಆರೋಗ್ಯಸ್ವಾಮಿ,
ಎರಡೂ ಕಣ್ಣಿಗೆ ಪೊರೆ ಬಂದು
ಚೆಂಡನ್ನು ಈಗ ಕಿವಿಯಲ್ಲಿ ನೋಡುವವರು.
"ಏನಮ್ಮಾ, ಬ್ಯಾಟಿಗೆ ಚಾರ್ಜು ಹಾಕಬೇಕಂತೆ?"
"ಹೂಂ."
"ನಮಗೂ ಹಾಕ್ತಾರಾ ಕೇಳಿ."

ಎದುರಿಗೆ ವಿಮೆ ಕಚೇರಿಯ ವಿಶಾಲಾಕ್ಷಿ,
ಸೋತ ದಿನ ಮಾತ್ರ ಮೊಣಕಾಲು ನೋಯುವವಳು.
ಆಡಿದೆವು. ಬೆವರೊರೆಸಿ ಫೋನು ತೆರೆದರೆ
ಹೋಳಿಗೆ ಕೊಯ್ದಿಟ್ಟಂತೆ ಬಣ್ಣದ ಹೋಳು, ನನ್ನ ಒಂದು ಗಂಟೆ:
ಫೋರ್‌ಹ್ಯಾಂಡ್ ಇನ್ನೂರ ನಲವತ್ತು.
ಸರ್ವ್ ಐವತ್ತೆರಡು.
ಬ್ಯಾಕ್‌ಹ್ಯಾಂಡ್ ಹನ್ನೊಂದು.

ಹನ್ನೊಂದು?

ಸಂಖ್ಯಾಶಾಸ್ತ್ರ ಹೇಳಿ ಹೊಟ್ಟೆ ಹೊರೆಯುವವಳು ನಾನು,
ಎಣಿಕೆಯ ಜೊತೆ ಜಗಳಕ್ಕೆ ನಿಲ್ಲುವವಳಲ್ಲ.
ಆದರೂ ಚೆಂಡು ಅರ್ಧದಷ್ಟಾದರೂ ಎಡಕ್ಕೆ ಬಿದ್ದಿರಬೇಕಲ್ಲ,
ಉಳಿದ ನೂರಕ್ಕೆ ನಾನೇನು ಮಾಡಿದೆ?
ಸುತ್ತು ಹಾಕಿದ್ದೆ.
ಬೇಡದ ನೆಂಟರು ಕಂಡರೆ ರಸ್ತೆಯ ಆ ಬದಿಗೆ ದಾಟುವಂತೆ
ಇಪ್ಪತ್ತೆರಡು ವರ್ಷ
ಎಡಗಡೆ ಬಂದ ಪ್ರತಿಯೊಂದನ್ನೂ
ಓಡಿ ಓಡಿ ಬಲಗಡೆ ಮಾಡಿಕೊಂಡಿದ್ದೆ.

"ನಿಮಗೆ ಗೊತ್ತಿತ್ತಾ?"
"ಗೊತ್ತಿಲ್ದೆ ಏನಮ್ಮಾ."
"ಹೇಳಬಾರದಿತ್ತಾ?"
ಆರೋಗ್ಯಸ್ವಾಮಿ ಬಕೆಟ್ಟಿನ ಮೇಲೆಯೇ ಕೊಂಚ ಸರಿದು ಕೂತರು.
"ಖುಷಿಯಾಗಿ ಓಡ್ತಿದ್ರಿ."

ಮನೆ ತಲುಪಿದರೆ ಫೋನು ಮತ್ತೆ ಗುಂಯ್ ಅಂತು:
ಅಭಿನಂದನೆ! ಈವರೆಗಿನ ನಿಮ್ಮ ಅತ್ಯುತ್ತಮ ದಿನ.
ವಾಲಿ ಮುನ್ನೂರ ಎಂಟು.
ಗುಂಡಿ ಆರಿಸಲು ಮರೆತು, ಸ್ಕೂಟರಿನ ಕಾಲಡಿ ಬ್ಯಾಟಿಟ್ಟು
ಕತ್ತರಿಗುಪ್ಪೆ ದಾಟಿದ್ದೆ.
ಯಾರೋ ಅಗೆದು ಯಾರೋ ಅರೆಬರೆ ಮುಚ್ಚಿದ ರಸ್ತೆ,
ಒಂದೊಂದು ಹಳ್ಳವೂ ನನ್ನ ಖಾತೆಗೆ ಜಮಾ.
ಅಡುಗೆಮನೆಯಲ್ಲಿ ಒಬ್ಬಳೇ ನಕ್ಕೆ. ನಗುತ್ತಲೇ ಹೊಳೆಯಿತು:
ಆ ಹನ್ನೊಂದರಲ್ಲೂ
ಬೂಟಿನ ಮಣ್ಣು ಕೊಡವಿದ್ದು ಎಷ್ಟೋ.

ಮರುದಿನ ಆಟ ಬಿಟ್ಟು ಪಂತ ಕಟ್ಟಿದೆ.
ವಿಶಾಲಾಕ್ಷಿ ಎಡಕ್ಕೇ ಹೊಡೆಯಲಿ, ಇಪ್ಪತ್ತು.
ನಾನು ಓಡುವುದಿಲ್ಲ.
ಎಲ್ಲಿ ತಾಗಿತೆಂದು ಆರೋಗ್ಯಸ್ವಾಮಿ ಕಣ್ಣು ಮುಚ್ಚಿ ಹೇಳಲಿ.
ಟೊಪ್. "ಕೆಳಗೆ."
ಟಕ್. "ಫ್ರೇಮು."
"ಮೇಲೆ." "ಫ್ರೇಮು." "ಫ್ರೇಮಮ್ಮಾ, ಮಂಡಿ ಬಗ್ಗಿಸಿ."
ಹದಿನಾಲ್ಕನೆಯದು ತಂತಿಯ ನಟ್ಟನಡುವೆ,
ಹಲಸಿನ ತೊಳೆ ಬಿಡಿಸಿಕೊಂಡ ಹಾಗೆ
ಕೈಗೆ ಗೊತ್ತೇ ಆಗದೆ ಹೋಯಿತು.
ಅವರು ಏನೂ ಹೇಳಲಿಲ್ಲ. ತಲೆಯಾಡಿಸಿದರು.

ಫೋನಿನ ಚುಕ್ಕಿಗಳ ಜೊತೆ ತಾಳೆ ನೋಡಿದೆ:
ಇಪ್ಪತ್ತಕ್ಕೆ ಇಪ್ಪತ್ತೂ ಸರಿ.
ಅವರ ಲೆಕ್ಕ ಮಾತ್ರ ಇಪ್ಪತ್ತೊಂದು.
"ಹದಿನೇಳು ಆದಮೇಲೆ ಇನ್ನೊಂದು ಸದ್ದು ಬಂತಲ್ಲ,
ಅದು ಚೆಂಡಲ್ಲ. ನಿಮ್ಮ ಭುಜ.
ಯಾರಿಗಾದ್ರೂ ತೋರಿಸಿ."

ಶಮೀಮಳ ಬ್ಯಾಟು ಶಮೀಮಳಿಗೆ ಹೋಯಿತು.
ಆ್ಯಪ್ ಅಳಿಸಲು ಮರೆತಿದ್ದೆ.
ಗುರುವಾರ ಪಾಠದ ನಡುವೆ ಮೇಜಿನ ಮೇಲೆ ಗುಂಯ್:
ನಾಲ್ಕು ದಿನದಿಂದ ನೀವು ಆಡಿಲ್ಲ.
ಆಡಿದ್ದೆ, ಆ ಬೆಳಗ್ಗೆಯೂ,
ಹಿಡಿಗೆ ಸೈಕಲ್ ಟ್ಯೂಬು ಸುತ್ತಿದ ಹಳೆಯದರಲ್ಲಿ.
ಎಡಕ್ಕೆ ಬಂದವು, ಎಣಿಸಲಿಲ್ಲ.
ಕೆಲವಕ್ಕೆ ನಿಂತೆ.
ಕೆಲವಕ್ಕೆ, ನಿಜ ಹೇಳಬೇಕೆಂದರೆ,
ಓಡಿದೆ.